ಗಡಿಯಾರ ನೋಡಿ ಮೋಸಹೋದೆ

ಮಕ್ಕಳೇ, ಒಮ್ಮೆ ಏಳನೇ ತರಗತಿಯಲ್ಲಿ ವೇಗದ ಪಾಠ ಮಾಡುತ್ತಿದ್ದೆ. ಸಿಂಗಪುರ ಮತ್ತು ಶ್ರೀಲಂಕಾದ ಕೊಲಂಬೊ, ಎರಡೂ ದ್ವೀಪದ ಮೇಲಿನ ನಗರಗಳು. ನಡುವಿನ ವಾಯುಮಾರ್ಗ ಸುಮಾರು 2,700 ಕಿ.ಮೀ. "ವಿಮಾನ ಬೆಳಿಗ್ಗೆ 10ಕ್ಕೆ ಸಿಂಗಪುರ ಬಿಟ್ಟು 11-15ಕ್ಕೆ ಕೊಲಂಬೊ ತಲುಪಿತು. ಒಂದೂಕಾಲು ಗಂಟೆ ಪ್ರಯಾಣ. ವೇಗವೆಷ್ಟು?" ಎಂದು ಕೇಳಿದೆ.

ಕೊನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಗಂಟೆಗೆ 2,160 ಕಿ.ಮೀ. ಬರುತ್ತೆ ಸಾರ್. ಶಬ್ದದ ವೇಗವೇ ಸುಮಾರು 1,200 ಅಂತ ನೀವೇ ಹೇಳಿದ್ರಿ. ಈ ವಿಮಾನ ಶಬ್ದಕ್ಕಿಂತ ಜೋರಾಗಿ ಹೋಗುತ್ತಾ?"

ತರಗತಿಯೆಲ್ಲ ನಕ್ಕಿತು. ನನಗೆ ನಾಚಿಕೆಯಾಯಿತು. "ನಾಳೆ ಹೇಳುತ್ತೇನೆ" ಎಂದು ಜಾರಿಕೊಳ್ಳಬಹುದಿತ್ತು. ಆದರೆ "ತಪ್ಪು ನನ್ನದೇ" ಎಂದು ಒಪ್ಪಿಕೊಂಡು ಭೂಗೋಳದ ಮಾದರಿಯನ್ನು ತರಿಸಿದೆ.

ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಆದ್ದರಿಂದ ಪೂರ್ವದಲ್ಲಿರುವ ಸಿಂಗಪುರಕ್ಕೆ ಸೂರ್ಯ ಮೊದಲು ಕಾಣುತ್ತಾನೆ. ಅಲ್ಲಿನ ಗಡಿಯಾರ ಕೊಲಂಬೊದ ಗಡಿಯಾರಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಕೊಲಂಬೊದಲ್ಲಿ ನಮ್ಮ ಭಾರತದ ಸಮಯವೇ. ಸಿಂಗಪುರದಲ್ಲಿ 10 ಗಂಟೆಯಾದಾಗ ಕೊಲಂಬೊದಲ್ಲಿ ಇನ್ನೂ 7-30! ಅಲ್ಲಿಂದ 11-15ರವರೆಗೆ ಎಣಿಸಿದರೆ ಮೂರೂಮುಕ್ಕಾಲು ಗಂಟೆ. ಸರಾಸರಿ ವೇಗ ಗಂಟೆಗೆ 720 ಕಿ.ಮೀ. ಈಗ ಲೆಕ್ಕ ಸರಿಹೋಯಿತು.

ಗುಣಾಕಾರ, ಭಾಗಾಕಾರ ಸರಿಯಿದ್ದರೆ ಸಾಲದು. ಬಂದ ಉತ್ತರವನ್ನು "ಇದು ಸಾಧ್ಯವೇ?" ಎಂದು ಕೇಳಬೇಕು. ಅಂದು ಆ ಪಾಠವನ್ನು ನನಗೆ ಕಲಿಸಿದವಳು ಆ ಹುಡುಗಿ.

ಈಗ ನಿಮ್ಮ ಸರದಿ. ವಿಮಾನ ಬೆಳಿಗ್ಗೆ 10ಕ್ಕೆ ಕೊಲಂಬೊ ಬಿಟ್ಟು, ಮೂರೂಮುಕ್ಕಾಲು ಗಂಟೆಯಲ್ಲೇ ಸಿಂಗಪುರ ತಲುಪಿದರೆ ಅಲ್ಲಿನ ಗಡಿಯಾರದಲ್ಲಿ ಗಂಟೆ ಎಷ್ಟು?