ಏಳು ಮನೆಗೊಂದು ಅಂಗಳ

ನವಿ ಮುಂಬಯಿಯ ಬೇಲಾಪುರದಲ್ಲಿ, ಪಾರ್ಸಿಕ್ ಗುಡ್ಡದ ಮಗ್ಗುಲಿಗೆ, ಆರ್ಟಿಸ್ಟ್ಸ್ ವಿಲೇಜ್ ಎಂಬ ಬಡಾವಣೆಯಿದೆ. ಹೆಸರು ನಂಬಿ ಕುಂಚ ಹಿಡಿದವರನ್ನು ಹುಡುಕಿದರೆ, ಎದುರಾಗುವವರು ಹೆಚ್ಚಾಗಿ ಲೋಕಲ್ ರೈಲು ಹಿಡಿಯಲು ಓಡುತ್ತಿರುವವರೇ. 1980ರ ದಶಕದಲ್ಲಿ, ನವಿ ಮುಂಬಯಿ ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೊಗಾಗಿ ಇದರ ನಕ್ಷೆ ಬರೆದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ.

ಹೆಕ್ಟೇರಿಗೆ ಸುಮಾರು 500 ಜನ ಎಂದರೆ ನಮ್ಮ ಕಣ್ಣಿಗೆ ಲಿಫ್ಟು, ವಾಚ್‌ಮನ್ನು, ಇಪ್ಪತ್ತು ಅಂತಸ್ತು ಕಟ್ಟಿಬಿಡುತ್ತವೆ. ಇಲ್ಲಿ ಅಷ್ಟೂ ಜನಕ್ಕೆ ನೆಲದ ಮೇಲೊಂದು ಮಹಡಿ ಸಾಕಾಯಿತು. 7 ಮನೆ, ನಡುವೆ 8 ಮೀಟರ್ ಉದ್ದಗಲದ ಒಂದು ಅಂಗಳ. ಅಂಥ ಮೂರು ಗುಂಪು ಸೇರಿದರೆ 21 ಮನೆಗೆ ಇನ್ನೊಂದು ಬಯಲು. ನಿವೇಶನಗಳೆಲ್ಲ ಹೆಚ್ಚುಕಮ್ಮಿ 45ರಿಂದ 75 ಚದರ ಮೀಟರ್. ಹಣವಂತನ ಗತ್ತಿಗೂ ಅಲ್ಲಿ ಜಾಗ ಅಷ್ಟೇ.

ಏಳು ಎಂಬ ಸಂಖ್ಯೆಯಲ್ಲೇ ಜಾಣತನವಿದೆ ಅನ್ನಿಸುತ್ತದೆ ನನಗೆ. ಇನ್ನೂರು ಮನೆಯವರ ಪಾರ್ಕು ಯಾರದ್ದೂ ಅಲ್ಲ. ಅಲ್ಲಿ ಬಿದ್ದ ಚಿಪ್ಸ್ ಪೊಟ್ಟಣಕ್ಕೆ ಅಪ್ಪ ಅಮ್ಮ ಇಲ್ಲ. ಏಳು ಮನೆಯ ಅಂಗಳದಲ್ಲಿ ಕಸ ಯಾರದೆಂದು ಬೆಳಗಾಗುವಷ್ಟರಲ್ಲಿ ಇತ್ಯರ್ಥವಾಗಿರುತ್ತದೆ. ಹೊಸಬ ಕಾಲಿಟ್ಟರೆ ಸಹಿ ಹಾಕಲು ರಿಜಿಸ್ಟರು ಬರುವುದಿಲ್ಲ, ಕಟ್ಟೆಯ ಮೇಲಿಂದ "ಯಾರು ಬೇಕಾಗಿತ್ತು?" ಬರುತ್ತದೆ. ಮಗು ಬಿದ್ದರೆ ಮೊದಲು ಎತ್ತಿಕೊಳ್ಳುವವರು ಅದರ ತಾಯಿಯೇ ಆಗಬೇಕಿಲ್ಲ.

ಬೆಂಗಳೂರಿನ ವಠಾರ ಕಂಡವರು "ಇದರಲ್ಲೇನು ಹೊಸತು?" ಎನ್ನಬಹುದು. ಹೊಸತು ಗೋಡೆಯಲ್ಲಿದೆ. ವಠಾರದಲ್ಲಿ ನಡುಗೋಡೆಯಾಚೆಯ ಕೆಮ್ಮೂ ನಮ್ಮದೇ. ಮೊಳೆ ಹೊಡೆಯಲೂ ಮಾಲೀಕರ ಅಪ್ಪಣೆ. ಕೊರಿಯಾ ಪ್ರತಿ ಮನೆಗೂ ಅದರದೇ ಗೋಡೆ ಕೊಟ್ಟರು. ಕೈಯಲ್ಲಿ ಕಾಸಾದಾಗ ಪಕ್ಕದವರನ್ನು ಕೇಳದೆ ಮನೆ ಬೆಳೆಸಿಕೊಳ್ಳಲಿ ಎಂದು.

ಜನ ಬೆಳೆಸಿಯೇಬಿಟ್ಟರು. ಇಳಿಜಾರು ಮಾಡಿನ ಮೂಲ ಮನೆಗಳು ಎಷ್ಟೋ ಕಡೆ ಮಾಯವಾಗಿ ಕಾಂಕ್ರೀಟು ಎದ್ದಿದೆ. ಕ್ಯಾಮೆರಾ ಹಿಡಿದು ಬರುವ ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಇದು ಸಂಕಟ. ನನಗೇನೂ ಇಲ್ಲ, ಮನೆ ಬದಲಾಗಲೆಂದೇ ಕಟ್ಟಿದ್ದು, ಬದಲಾಯಿತು. ಮಹಡಿ ಏರಿದಷ್ಟೂ ಅಂಗಳದ ಬಿಸಿಲು ಕುಗ್ಗುತ್ತದೆ ಎಂಬುದೊಂದು ನಿಜವಾದ ತಕರಾರು. ಇನ್ನೊಂದು, ಬೈಕುಗಳದ್ದು. ಎಂಟು ಮೀಟರಿನ ಅಂಗಳಕ್ಕೆ ನಾಲ್ಕು ಬೈಕು ನುಗ್ಗಿದರೆ ಕ್ರಿಕೆಟ್ಟಿಗೆ ಪಿಚ್ಚೇ ಉಳಿಯದು. ಆದರೆ ಅದನ್ನು ತೀರ್ಮಾನಿಸಲು ಸೊಸೈಟಿಯ ವಾರ್ಷಿಕ ಸಭೆ ಕರೆಯಬೇಕಿಲ್ಲ. ಏಳು ಬಾಗಿಲು ತಟ್ಟಿದರೆ ಕೋರಂ ಆಯಿತು. ಜಗಳ ಅಲ್ಲೇ ಶುರು.