ಬೆಂದ ಕಾಳಿನ ಕಥೆ

ಸೋದರಿಯರೇ, ಅವರೆಕಾಯಿ ಕಾಲ ಬಂತೆಂದರೆ ಚಿಕ್ಕಬಾಣಾವರದ ನಮ್ಮ ಮನೆಯಲ್ಲಿ ಕಾಳಿನ ಜೊತೆಗೆ ಒಂದು ಕಥೆಯೂ ಇರುತ್ತಿತ್ತು. ನಿಮಗೂ ಗೊತ್ತಿರುವುದೇ. ಬೇಟೆಗೆ ಬಂದು ದಾರಿ ತಪ್ಪಿದ ವೀರಬಲ್ಲಾಳ ರಾಜನಿಗೆ ಬಡ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು. ಆ ಜಾಗ ಬೆಂದಕಾಳೂರಾಯಿತು, ಬರುಬರುತ್ತಾ ಬೆಂಗಳೂರಾಯಿತು. ನಮ್ಮತ್ತೆ ಕಾಯಿ ಸುಲಿಯುತ್ತಾ ಹೇಳುತ್ತಿದ್ದರೆ ಮಕ್ಕಳು ಊಟ ಮರೆತು ಕೇಳುತ್ತಿದ್ದರು.

ಹೋದ ವರ್ಷ ಮಗಳು, "ಅದೆಲ್ಲಾ ಸುಳ್ಳು ಅಜ್ಜಿ, ಬೇಗೂರಿನ ಕಲ್ಲಿನಲ್ಲಿ ಬೇರೇನೇ ಇದೆ" ಎಂದಳು. ನಾನೂ, "ಹೌದತ್ತೆ, ಈಗ ಇದನ್ನ ಯಾರು ನಂಬ್ತಾರೆ?" ಎಂದುಬಿಟ್ಟೆ. ಅತ್ತೆ ಮಾತಾಡಲಿಲ್ಲ. ಅಂದಿಗೆ ಕಥೆ ನಿಂತಿತು.

ಮಗಳು ಹೇಳಿದ್ದು ನಿಜವೇ. ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋಗಿ ನೋಡಿ ಬಂದೆವು. ಗಂಗರ ಕಾಲದ ಆ ಕಲ್ಲು ಸುಮಾರು ಕ್ರಿ.ಶ. 890ರದು. ಬೆಂಗಳೂರಿನ ಕಾಳಗದಲ್ಲಿ ಮಡಿದವರ ನೆನಪಿನದು. ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಂದರೆ ಅವನು ಕಾಳು ತಿನ್ನುವುದಕ್ಕೆ ಹೆಚ್ಚುಕಡಿಮೆ ಮುನ್ನೂರು ವರ್ಷ ಮೊದಲೇ ಊರಿಗೆ ಆ ಹೆಸರಿತ್ತು! ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಇನ್ನೂ ಹಳೆಯದು, ಸುಮಾರು 750ರದು. ಯಲಹಂಕದ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿ, ಅಕ್ಕಿಗೊಂದು, ಅರಳೆಗೊಂದು ಪೇಟೆ ಮಾಡಿ ಊರು ಬೆಳೆಸಿದ್ದು ಎಷ್ಟೋ ತಡವಾಗಿ, 1537ರಲ್ಲಿ.

ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ನನಗೊಂದು ಯೋಚನೆ ಬಂತು. ಆ ಎರಡು ಕಲ್ಲುಗಳು ನೆನೆಯುವುದು ಕಾದಾಡಿ ಸತ್ತ ಗಂಡಸರನ್ನು. ನಮ್ಮ ಹೆಂಗಸರು ಉಳಿದಿರುವುದು ಕಥೆಯಲ್ಲಿ. ಕಾಳು ಕೊಟ್ಟ ಮುದುಕಿ ಹಾಗೇ. ಕೋಟೆಯ ಬಾಗಿಲು ನಿಲ್ಲಲೆಂದು ಜೀವ ಕೊಟ್ಟಳೆನ್ನುವ ಗೌಡರ ಸೊಸೆ ಲಕ್ಷ್ಮಮ್ಮನೂ ಹಾಗೇ. ತಾರೀಖಿಗೆ ಹೊಂದಲಿಲ್ಲವೆಂದು ಕಥೆ ಬಿಟ್ಟರೆ ಇವರನ್ನೂ ಬಿಟ್ಟಂತಾಗುವುದಿಲ್ಲವೇ? ನೀವೇ ಹೇಳಿ.

ಮನೆಗೆ ಬಂದವಳೇ ಅತ್ತೆಯ ಪಕ್ಕ ಕೂತೆ. "ಅತ್ತೆ, ಆ ಮುದುಕಿ ಕಾಳಿಗೆ ಒಗ್ಗರಣೆ ಹಾಕಿದ್ಲಾ?" ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಬಡವಿಗೆ ಎಣ್ಣೆ ಎಲ್ಲಿ ಬರಬೇಕೇ? ಬರೀ ಉಪ್ಪು" ಎಂದರು. ಮಗಳು ಹತ್ತಿರ ಸರಿದಳು. ಕಥೆ ಮತ್ತೆ ಶುರುವಾಯಿತು.

ನಿಮ್ಮೂರಿಗೆ ಆ ಹೆಸರು ಹೇಗೆ ಬಂತೆಂದು ಹಿರಿಯರನ್ನು ಕೇಳಿ ಬರೆದಿಡಿ. ಹಾಗೆಯೇ, ಅಕ್ಷರ ಕೆತ್ತಿದ ಕಲ್ಲೇನಾದರೂ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದ್ದರೆ ಅದನ್ನು ಜೋಪಾನ ಮಾಡಿಸಿ. ಎರಡೂ ನಮಗೆ ಬೇಕು.