ಕಾರ್ಡಿನ ಮೇಲಿಲ್ಲದ ಸಂಖ್ಯೆ

1984ರಲ್ಲಿ ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರುವಾಗ ನನ್ನ ಅಂಕಪಟ್ಟಿಗಳ ಮೂಲಪ್ರತಿಗಳನ್ನು ಮೂರು ಮೇಜುಗಳಲ್ಲಿ ಪರಿಶೀಲಿಸಿದ್ದರು. ಎಂಟನೆಯ ತರಗತಿಗೆ ಬಡ್ಡಿಲೆಕ್ಕ ಹೇಳಿಕೊಡುವವನಿಗೆ ಅಷ್ಟು ತಪಾಸಣೆ! 2019ರಲ್ಲಿ ನಿವೃತ್ತಿಯ ಹಣ ಕೈಗೆ ಬಂದಾಗ, ಅದನ್ನು ಎಲ್ಲಿಡಬೇಕೆಂದು ಹೇಳಲು ಬಂದವನಿಂದ ನಾನು ಒಂದು ಕಾಗದವನ್ನೂ ಕೇಳಲಿಲ್ಲ.

ಅವನು ನನ್ನ ಶಿಷ್ಯನೇ. ಕೃಷ್ಣಮೂರ್ತಿಪುರಂನ ನಮ್ಮ ಮನೆಗೆ ಬಂದು ಕಾಲುಮುಟ್ಟಿ ನಮಸ್ಕರಿಸಿ ಕಾರ್ಡು ಕೊಟ್ಟ. ‘ಹಣಕಾಸು ಸಲಹೆಗಾರ’ ಎಂದಿತ್ತು. ಅದುವರೆಗೆ ನನಗೆ ತಿಳಿದಿದ್ದ ಉಳಿತಾಯವೆಂದರೆ ಅಂಚೆ ಕಚೇರಿ ಮತ್ತು ಕೆ.ಜಿ.ಐ.ಡಿ. ಮೈಸೂರು ಸಂಸ್ಥಾನದಲ್ಲಿ 1891ರಲ್ಲೇ ಆರಂಭವಾದ ಆ ಸರ್ಕಾರಿ ವಿಮೆಗೆ ಸಲಹೆಗಾರನೇ ಬೇಕಿರಲಿಲ್ಲ, ಸಂಬಳದಲ್ಲೇ ಮುರಿದುಕೊಳ್ಳುತ್ತಿದ್ದರು.

ಒಮ್ಮೆ ಕಟ್ಟಿದರೆ ಸಾಕೆಂದು ಭಾವಿಸಿ ಎರಡು ಲಕ್ಷ ಕೊಟ್ಟೆ. ಮರುವರ್ಷ ಅಷ್ಟೇ ಮೊತ್ತ ಕಟ್ಟಲು ಪತ್ರ ಬಂದಿತು. ಹತ್ತು ವರ್ಷ ಕಟ್ಟಬೇಕಾದ ಪಾಲಿಸಿ! ಕೈಸೇರಿದ 15 ದಿನಗಳೊಳಗೆ ಹಿಂತಿರುಗಿಸಬಹುದಿತ್ತು. ನಾನು ಓದದೆ ಬೀರುವಿನಲ್ಲಿಟ್ಟಿದ್ದೆ. ಎರಡನೆಯ ಕಂತನ್ನೂ ಕಟ್ಟಿ ಕೈಬಿಟ್ಟಾಗ ನಾಲ್ಕು ಲಕ್ಷಕ್ಕೆ ಬಂದದ್ದು ಒಂದು ಲಕ್ಷ ಇಪ್ಪತ್ತು ಸಾವಿರ. ಈ ಲೆಕ್ಕವನ್ನು ಮನೆಯಾಕೆಗೆ ಹೇಳಿದ್ದು ಮೊನ್ನೆ, ಇದನ್ನು ಬರೆಯುವ ಮುನ್ನ.

ಬೆಂಗಳೂರಿನಲ್ಲಿರುವ ಮತ್ತೊಬ್ಬ ಶಿಷ್ಯೆ ವಿಷಯ ಕೇಳಿ, “ಸರ್, ಅವರ ನೋಂದಣಿ ಸಂಖ್ಯೆ ಕೇಳಿದ್ರಾ?” ಎಂದಳು. ಆಮೇಲೆ ನನಗೇ ಪಾಠ. ಸೆಬಿಯ 2013ರ ನಿಯಮಗಳಂತೆ ಹೂಡಿಕೆ ಸಲಹೆಗಾರನು ಎನ್.ಐ.ಎಸ್.ಎಂ. ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ನೋಂದಾಯಿಸಿಕೊಳ್ಳಬೇಕು. ಅವನ ಸಂಖ್ಯೆ ‘ಐ.ಎನ್.ಎ.’ ಎಂದು ಆರಂಭವಾಗುತ್ತದೆ. ಸೆಬಿಯ ಜಾಲತಾಣದಲ್ಲಿ ಯಾರಾದರೂ ಹುಡುಕಿ ನೋಡಬಹುದು. ಅವನಿಗೆ ಶುಲ್ಕ ಕೊಡುವವರು ನಾವು. ಮ್ಯೂಚುವಲ್ ಫಂಡ್ ವಿತರಕನದು ‘ಎ.ಆರ್.ಎನ್.’ ಸಂಖ್ಯೆ, ವಿಮಾ ಏಜೆಂಟನಿಗೆ ಬೇರೆಯೇ ಪರೀಕ್ಷೆ. ಇವರಿಬ್ಬರಿಗೂ ಕಮಿಷನ್ ಕೊಡುವುದು ಕಂಪನಿ. ಆ ಕೆಲಸ ಹೀನವೆಂದಲ್ಲ, ಆದರೆ ಅದು ಮಾರಾಟ.

ಆಕೆಯ ಮಾತಿನಂತೆ ನೋಂದಾಯಿತ ಸಲಹೆಗಾರರೊಬ್ಬರನ್ನು ಕಂಡೆ. ಶುಲ್ಕದ ಚೆಕ್ಕು ಬರೆಯುವಾಗ ನಿಜವಾಗಿಯೂ ಕೈ ತಡೆಯಿತು. ಕಣ್ಣಿಗೆ ಕಾಣದ ಕಮಿಷನ್ನಿಗೆ ಹಾಗೆ ತಡೆದಿರಲಿಲ್ಲ.

ಹೋದ ತಿಂಗಳು ಆ ಹುಡುಗ ತಂಗಿಯ ಮದುವೆಯ ಆಮಂತ್ರಣ ಹಿಡಿದು ಬಂದಿದ್ದ. ಮನೆಯಾಕೆ ಕಾಫಿ ಕೊಟ್ಟಳು. ಈಗ ಬೇರೆ ಕಂಪನಿಯಂತೆ, ಹೊಸ ಕಾರ್ಡು ಕೊಟ್ಟ. ನಾನು ಕನ್ನಡಕ ಹಾಕಿಕೊಂಡು ಕಾರ್ಡಿನ ಎರಡೂ ಬದಿ ನೋಡಿದೆ. ಏನು ಹುಡುಕುತ್ತಿದ್ದೇನೆಂದು ಅವನಿಗೆ ತಿಳಿಯಿತು. ಲೋಟದತ್ತ ನೋಡುತ್ತಾ, “ಮದುವೆಗೆ ತಪ್ಪದೆ ಬನ್ನಿ ಸರ್” ಎಂದ. ಹೋಗಿ ಬಂದೆವು.